ಚಕ್ರಬಡ್ಡಿ ಅನ್ನೋ ಖಳನಾಯಕ

ಭಾನುವಾರ ಮಧ್ಯಾಹ್ನ ಊಟ ಮುಗಿದು ತಟ್ಟೆ ಎತ್ತಿದ ಮೇಲೆ ನಮ್ಮನೆ ಡೈನಿಂಗ್ ಟೇಬಲ್ ಮೇಲೆ ಸೂಪರ್‌ಹೀರೋ ಆಟ ಶುರುವಾಗುತ್ತೆ. ವಿಡಿಯೋ ಗೇಮ್ ಅಲ್ಲ ಮತ್ತೆ. ಪೇಪರ್ರು, ಪೆನ್ಸಿಲ್ಲು, 20 ಮುಖದ ಒಂದು ದಾಳ, ಇನ್ನೆಲ್ಲ ಬಾಯಲ್ಲೇ. ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ ತಾಳಮದ್ದಲೆ ಇದ್ದ ಹಾಗೆ, ವೇಷ ಇಲ್ಲ, ಬರೀ ಮಾತು, ಪಾತ್ರ ಒಳಗಿಂದ ಬರ್ಬೇಕು. ಆಟದ ಹೆಸರು ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್, ಮೊದಲು ಬಂದಿದ್ದು 2002ರಲ್ಲಿ, ನಾವು ಆಡೋದು 2011ರ ಮೂರನೇ ಆವೃತ್ತಿ. ನಾನು ಗೇಮ್‌ಮಾಸ್ಟರ್, ಅಂದ್ರೆ ಹೀರೋಗಳನ್ನ ಬಿಟ್ಟು ಮಿಕ್ಕಿದ್ದೆಲ್ಲಾ ನಾನೇ: ಪೊಲೀಸು, ಪಬ್ಲಿಕ್ಕು, ಟ್ರಾಫಿಕ್ಕು, ಮಳೆ, ಮತ್ತೆ ಖಳನಾಯಕ.

ಹೀರೋಗಳ ವಿಷ್ಯ ಮೊದ್ಲು ಹೇಳ್ಬಿಡ್ತೀನಿ. ನಮ್ಮನೆಯವರದ್ದು ಟ್ರಾನ್ಸ್‌ಫಾರ್ಮರ್ ತಮ್ಮಯ್ಯ, ಕೈಯಿಂದ ಕರೆಂಟ್ ಬಿಡ್ತಾನೆ, ಆದ್ರೆ ನಾಲ್ಕು ಹನಿ ಮಳೆ ಬಿದ್ರೆ ಪವರ್ ಕಟ್. ಈ ಆಟದಲ್ಲಿ ನಿಮ್ಮ ಹೀರೋಗಿರೋ ಐಬಿನಿಂದ ನಿಮಗೆ ತೊಂದ್ರೆ ಆದ್ರೆ ಅದಕ್ಕೆ ಪರಿಹಾರವಾಗಿ ಒಂದು ಹೀರೋ ಪಾಯಿಂಟ್, ಅಂದ್ರೆ ಕಷ್ಟಕಾಲದಲ್ಲಿ ಖರ್ಚು ಮಾಡಿ ಮತ್ತೆ ದಾಳ ಹಾಕೋ ಅವಕಾಶ, ಕೊಡ್ಬೇಕು ಅಂತ ರೂಲ್ ಇದೆ, ಅದನ್ನ ಓದ್ಕೊಂಡೇ ಬೆಂಗಳೂರಲ್ಲಿ ನಡಿಯೋ ಕಥೆಗೆ ಮಳೆಯ ಐಬು ಇಟ್ಕೊಂಡಿರೋ ಮನುಷ್ಯ ಇವ್ರು. ನನ್ನ ತಮ್ಮನ ಹೀರೋಗೆ ಸೂಪರ್ ಸ್ಪೀಡು, ಆದ್ರೆ ಕಂಬಳದ ಕೆಸರಲ್ಲಿ ಮಾತ್ರ, ರಸ್ತೇಲಿ ಅವನು ಮಾಮೂಲಿ ಮನುಷ್ಯ. ಆಫೀಸಿನ ಗೆಳತಿದು ಮನಸ್ಸು ಓದೋ ಹೀರೋಯಿನ್ನು. ಆಟೋದವ್ರ ಮನಸ್ಸನ್ನೂ ಓದ್ತಾಳೆ, ಓದಿದ್ರೂ ಅವ್ರು ಬರಲ್ಲ ಅನ್ನೋದು ಬೇರೆ ಮಾತು.

ಇವ್ರಿಗೆ ಎಂಥಾ ಖಳನಾಯಕನನ್ನ ಕೊಟ್ರೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕಾಫಿ ಕೇಳ್ತಿದ್ರು. ಅದಕ್ಕೇ ಈ ಸಲ ಬೆಳೀತಾ ಹೋಗೋನು ಒಬ್ಬ ಬೇಕು ಅಂತ ಕೂತು ಚಕ್ರಬಡ್ಡಿನ ಹುಟ್ಟಿಸ್ದೆ. ಮೇಲ್ನೋಟಕ್ಕೆ ಕೈಸಾಲ ಕೊಡೋ ಸಫಾರಿ ಸೂಟಿನ ಸಾಹುಕಾರ. ಅವನ ಶಕ್ತಿ ಏನಂದ್ರೆ ನೀವು ಹೊಡೆದ ಪ್ರತಿ ಏಟೂ ಅವನ ಮೈಯಲ್ಲಿ ಅಸಲಾಗಿ ಜಮಾ ಆಗುತ್ತೆ, ಅದಕ್ಕೆ ಬಡ್ಡಿ ಬೆಳೆಯುತ್ತೆ, ಬಡ್ಡಿಗೂ ಬಡ್ಡಿ ಬೆಳೆಯುತ್ತೆ, ಆಮೇಲೆ ಅದನ್ನ ಸೇರಿಸಿ ನಿಮಗೇ ವಾಪಸ್ ಕೊಡ್ತಾನೆ.

ಲೆಕ್ಕದಲ್ಲಿ ಇದು ಭಾರೀ ಚೆನ್ನಾಗಿ ಕೂತ್ಕೊಂಡಿತು, ಯಾಕಂದ್ರೆ ಈ ಆಟದ ಅಳತೆ ಪಟ್ಟೀನೇ ಹಂಗಿದೆ. ಬಲದ ರ್ಯಾಂಕ್ ಸೊನ್ನೆ ಇರೋನು 50 ಪೌಂಡ್ ಎತ್ತುತ್ತಾನೆ, ಅಂದ್ರೆ ಹೆಚ್ಚೂ ಕಮ್ಮಿ ಒಂದು ಅಕ್ಕಿ ಮೂಟೆ. ಒಂದು ರ್ಯಾಂಕ್ ಏರಿದ್ರೆ ಅದರ ಡಬಲ್ಲು, ಇನ್ನೊಂದು ಏರಿದ್ರೆ ಅದರದ್ದೂ ಡಬಲ್ಲು, ಹಿಂಗೇ ಹೋಗಿ 10ಕ್ಕೆ ಬರೋ ಹೊತ್ಗೆ 25 ಟನ್ನು, 20ಕ್ಕೆ 25 ಸಾವಿರ ಟನ್ನು. ಕೇಳೋಕೆ ಎದೆ ಝಲ್ಲನ್ನುತ್ತೆ ಅಲ್ವಾ? ಆದ್ರೆ ಏಟು ತಡ್ಕೊಳ್ಳೋ ವಿಷ್ಯಕ್ಕೆ ಬಂದ್ರೆ 15ಕ್ಕೆ ಆ ರ್ಯಾಂಕ್ ಕೂಡಿಸಿದಷ್ಟನ್ನ ಹೀರೋ ದಾಳ ಮತ್ತೆ ತನ್ನ ಗಟ್ಟಿತನದ ರ್ಯಾಂಕ್ ಸೇರಿಸಿ ತರ್ಬೇಕು, ಅಷ್ಟೇ. ಅಂದ್ರೆ ಖಳನಾಯಕನ ತೋಳ್ಬಲ ಡಬಲ್ ಆದ್ರೂ ಟೇಬಲ್ ಮೇಲೆ ಬದಲಾಗೋದು ಒಂದೇ ಒಂದು ಅಂಕಿ, 20ರಲ್ಲಿ ಒಂದು, ನೂರಕ್ಕೆ ಐದು. ಬೆಟ್ಟ ಕಿತ್ತು ಬಿಸಾಕೋ ಹಂಗೆ ಬೆಳೆದಿರ್ತಾನೆ, ಎದುರಿಗೆ ಕೂತಿರೋ ನನ್ನ ತಮ್ಮ ಮಾತ್ರ 'ಓ, ಒಂದು ಜಾಸ್ತಿ ಬೇಕಾ' ಅಂದು ಕೋಡುಬಳೆ ಮುರೀತಾನೆ.

ಹಂಗಾಗಿ ಬರೀ ನಂಬರ್ ಏರಿಸ್ತಾ ಹೋದ್ರೆ ಯಾರಿಗೂ ಭಯ ಆಗಲ್ಲ. ಈ ಸಂಗತಿ ನಮ್ಮ ಪುರಾಣದವ್ರಿಗೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ ನಂಗೆ. ಯಕ್ಷಗಾನದಲ್ಲಿ ದೇವಿ ಮಹಾತ್ಮೆ ಆಟ ನೋಡಿದೋರಿಗೆ ಗೊತ್ತಿರುತ್ತೆ, ಮಹಿಷಾಸುರ ದೊಂದಿ ಬೆಳಕಲ್ಲಿ ಜನರ ಮಧ್ಯದಿಂದ್ಲೇ ಆರ್ಭಟ ಮಾಡ್ಕೊಂಡು ಬಂದು ಸತ್ತು ಹೋದ ಮೇಲೂ ಕಥೆ ಮುಗಿಯಲ್ಲ, ರಕ್ತಬೀಜ ಬಾಕಿ ಇರ್ತಾನೆ. ಅವನೇನು ಮಹಿಷನಿಗಿಂತ ದೊಡ್ಡ ದೇಹದೋನಲ್ಲ. ಆದ್ರೆ ಅವನ ಒಂದೊಂದು ತೊಟ್ಟು ರಕ್ತ ನೆಲಕ್ಕೆ ಬಿದ್ರೂ ಅಂಥೋನೇ ಇನ್ನೊಬ್ಬ ಎದ್ದು ನಿಲ್ತಾನೆ, ಅಲ್ಲಿವರೆಗೂ ಗೆಲ್ಸಿಕೊಟ್ಟ ಕತ್ತಿ ಈಗ ಕೈಕೊಡುತ್ತೆ. ಕೊನೆಗೆ ಕಾಳಿ ನಾಲಿಗೆ ಚಾಚಿ ರಕ್ತ ನೆಲಕ್ಕೆ ಬೀಳೋ ಮುಂಚೆನೇ ಕುಡೀಬೇಕಾಯ್ತು. ವಾಲಿನೂ ಅಷ್ಟೇ, ಎದುರಿಗೆ ಬಂದೋನ ಅರ್ಧ ಬಲ ಅವನಿಗೇ ಹೋಗುತ್ತೆ, ಆದ್ರೆ ಎದುರಿಗೆ ಬರ್ಬೇಕಲ್ಲ! ರಾಮ ಮರದ ಹಿಂದೆ ನಿಂತ. ವರ ಕೊಡುವಾಗ್ಲೇ ಎಲ್ಲೋ ಒಂದು ಸಣ್ಣ ತೂತು ಬಿಟ್ಟಿರ್ತಾರೆ, ಇಡೀ ಕಥೆ ಆ ತೂತು ಹುಡ್ಕೋದ್ರಲ್ಲೇ ಇರುತ್ತೆ. ಚಕ್ರಬಡ್ಡಿಗೂ ಅಂಥದ್ದೊಂದು ಬೇಕಿತ್ತು, ಎಷ್ಟು ತಲೆ ಕೆರ್ಕೊಂಡ್ರೂ ಹೊಳೀತಾ ಇರ್ಲಿಲ್ಲ. ಯಾವತ್ತಾದ್ರೂ ಸೌಟು ಹಿಡ್ಕೊಂಡಾಗ ಹೊಳೆದೀತು ಅಂತ ಅವನ ವಿವರದ ಹಾಳೆನ ಫ್ರಿಜ್ಜಿಗೆ ಅಂಟಿಸಿದ್ದೆ.

ನಮ್ಮ ಮಾವ ಬ್ಯಾಂಕಲ್ಲಿ ಸಾಲದ ವಿಭಾಗದಲ್ಲಿದ್ದು ರಿಟೈರ್ ಆದೋರು. ಬೆಳಗ್ಗೆ ಹಾಲು ತಗೊಳ್ಳೋಕೆ ಹೋದೋರು ಆ ಹಾಳೆ ಓದಿದಾರೆ. ದಪ್ಪ ಅಕ್ಷರದಲ್ಲಿ ನಾನು ಬರ್ದಿದ್ದು ಇಷ್ಟು: 'ಚಕ್ರಬಡ್ಡಿ. ಮೊದಲು ಸಣ್ಣದಾಗಿ ಕಾಣುತ್ತೆ. ಪ್ರತಿ ಸಲ ಡಬಲ್. ಮೂರನೇ ವಾರ ಮನೆ ಬಾಗಿಲಿಗೆ ಬರ್ತಾನೆ. ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ. ಸಾಯ್ಸೋದು ಹೇಗೆ???' ಪಾಪ, ಹಾಲೂ ತಗೊಳ್ದೆ ಸೀದಾ ಮಗನ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು, 'ಎಷ್ಟಪ್ಪಾ ಸಾಲ ಮಾಡಿದೀಯ, ಎಫ್‌ಡಿ ಮುರಿಸೋಣ, ಯಾರನ್ನೂ ಸಾಯ್ಸೋದು ಗೀಯ್ಸೋದು ಬೇಡ' ಅಂದ್ರಂತೆ. ಅರ್ಧ ನಿದ್ದೇಲಿದ್ದ ಇವ್ರು 'ಅವಳನ್ನೇ ಕೇಳಿ, ಅವನು ಅವಳ ಮನುಷ್ಯ' ಅಂದ್ಬಿಟ್ಟು ಮಗ್ಗುಲು ತಿರುಗಿದ್ರು. ಆಮೇಲೆ ಅಡಿಗೆಮನೇಲಿ ಕಾಲು ಗಂಟೆ ಏನೇನಾಯ್ತು ಅಂತ ಇಲ್ಲಿ ಬರಿಯೋದು ಬೇಡ, ಅತ್ತೆ ಕಣ್ಣೊರೆಸ್ಕೊಂಡಿದ್ರು ಅಂದ್ರೆ ಸಾಕು.

ಎಲ್ಲ ತಿಳಿಯಾಗಿ, ಅದು ಆಟ ಅಂತ ಗೊತ್ತಾದ ಮೇಲೆ ಮಾವ ಕನ್ನಡಕ ಏರಿಸ್ಕೊಂಡು ಹಾಳೆ ಮುಂದೆ ಕೂತ್ರು. 'ಏನಮ್ಮಾ, ಇವನಿಗೆ ಲೈಸೆನ್ಸ್ ಇದ್ಯಾ? 1961ರ ಲೇವಾದೇವಿದಾರರ ಕಾಯ್ದೆ ಪ್ರಕಾರ ಬೇಕಲ್ಲ.' ಮಾವ, ಅವನು ಖಳನಾಯಕ, ಲೈಸೆನ್ಸ್ ಎಲ್ಲಿಂದ ಬಂತು ಅಂದೆ. 'ಸರಿ, ಇನ್ನು ದಾಮ್‌ದುಪಟ್ ಅಂತ ಹಳೇ ನಿಯಮ ಇದೆ, ಬಡ್ಡಿ ಬಾಕಿ ಅಸಲನ್ನ ಮೀರೋ ಹಾಗಿಲ್ಲ. ಒಂದು ರ್ಯಾಂಕಿಗೆ ಡಬಲ್ ಅಂತೀಯ, ಅಂದ್ರೆ ನಿನ್ನ ಮನುಷ್ಯ ಹತ್ತರಿಂದ ಹನ್ನೊಂದಕ್ಕೆ ಏರಿ ಅಲ್ಲೇ ನಿಲ್ಬೇಕು.' ನಾನು ವಾರಗಟ್ಲೆ ಕೂತು ಕಟ್ಟಿದ ರಾಕ್ಷಸನ್ನ ಮನುಷ್ಯ ಒಂದು ಲೋಟ ಕಾಫಿ ಕುಡಿಯೋದ್ರೊಳಗೆ ಮುಗಿಸ್ಬಿಟ್ರು! ಅದನ್ನ ನಾನು ಒಪ್ಪಲಿಲ್ಲ. ಆದ್ರೆ ಎದ್ದು ಹೋಗ್ತಾ ಒಂದು ಮಾತು ಹೇಳಿದ್ರು ನೋಡಿ, 'ಸಾಮಾನ್ಯವಾಗಿ ಸಾಲಕ್ಕೆ 90 ದಿನ ಏನೂ ಬರ್ಲಿಲ್ಲ ಅಂದ್ರೆ ಎನ್‌ಪಿಎ, ವಸೂಲಾಗದ ಸಾಲ ಕಣಮ್ಮಾ, ಆಮೇಲೆ ಬ್ಯಾಂಕು ಆ ಬಡ್ಡಿನ ಆದಾಯ ಅಂತ ಬರ್ಕೊಳ್ಳೋ ಹಾಗಿಲ್ಲ.' ತೂತು ಸಿಕ್ತು. ಒಂದು ತಿಂಗಳಿಗೆ ಬದಲು ಕಾಳಗದ ಒಂದು ರೌಂಡು ಅಂತ ಇಟ್ಕೊಂಡು, ಮೂರು ರೌಂಡು ಅವನಿಗೆ ಯಾರೂ ಒಂದೇಟೂ ಹೊಡೀದೇ ಇದ್ರೆ ಚಕ್ರಬಡ್ಡಿ ಎನ್‌ಪಿಎ, ಸೇರಿಸ್ಕೊಂಡ ಬಲವೆಲ್ಲ ಲೆಕ್ಕದಿಂದ ಔಟು.

ಈ ಗುಟ್ಟು ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡೆ, ಅದಕ್ಕೆ ಪ್ರತಿಯಾಗಿ ತಾವೂ ಆಟಕ್ಕೆ ಬರ್ತೀನಿ ಅಂದ್ರು. ಹೀರೋ ಹೆಸರು ರಿಕವರಿ ಆಫೀಸರ್. ಆಯುಧ, ನೋಟೀಸು.

ಕೊನೇ ಕಾಳಗ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಲ್ಲಿ. ಹಿಂದಿನ ವಾರಗಳಲ್ಲಿ ಎಲ್ರೂ ಅವನ ಕೈಲಿ ಚೆನ್ನಾಗಿ ತಿಂದಿದ್ರು, ಸೋತಾಗ್ಲೂ ಹೀರೋ ಪಾಯಿಂಟ್ ಸಿಗೋದ್ರಿಂದ ಒಬ್ಬೊಬ್ರ ಹತ್ರನೂ ಒಂದಷ್ಟು ಕೂಡಿತ್ತು. ನಾನು ಚೂರು ವಾತಾವರಣ ಇರ್ಲಿ ಅಂತ 'ಮಳೆ ಹನಿ ಶುರುವಾಯ್ತು' ಅಂದೆ ಅಷ್ಟೇ, ಇವ್ರು ಕೈಚಾಚಿ 'ಪಾಯಿಂಟ್ ಕೊಡೇ' ಅಂದ್ರು. ಕೊಟ್ಟೆ. ಆಮೇಲೆ ಎಲ್ಲಾ ಸೇರ್ಕೊಂಡು ಹೊಡೆದಿದ್ದೇ ಹೊಡೆದಿದ್ದು, ಚಕ್ರಬಡ್ಡಿ 20ನೇ ರ್ಯಾಂಕ್ ಮುಟ್ಟಿದ. ಮಾವ ಎಷ್ಟೊತ್ತು ಅಂತ ಬಾಯಿ ಕಟ್ಕೊಂಡು ಕೂತಿರ್ತಾರೆ? ಇವ್ರು ಮತ್ತೆ ದಾಳ ಎತ್ತಿದ ತಕ್ಷಣ, 'ಹೊಡೀಬೇಡ್ವೋ ಬಡ್ಡೀಮಗನೇ, ಅದು ಡೆಪಾಸಿಟ್ಟು!' ಅಂತ ಕೂಗಿದ್ರು. ಬಡ್ಡೀಮಗ ಯಾರು ಅನ್ನೋದರ ಮೇಲೆ ಅತ್ತೆ ಒಳಗಿಂದ ಕೊಟ್ಟ ಉತ್ತರ ಬೇರೆ.

ಇನ್ನು ಮೂರು ರೌಂಡು, ಒಂದಕ್ಕೆ 6 ಸೆಕೆಂಡ್ ಲೆಕ್ಕದಲ್ಲಿ 18 ಸೆಕೆಂಡು, ಯಾರೂ ಕೈ ಎತ್ತಲಿಲ್ಲ. ನನ್ನ ತಮ್ಮ ಪ್ಲಾಟ್‌ಫಾರ್ಮಲ್ಲಿ ಕೂತು ಕಡ್ಲೆಕಾಯಿ ಬಿಡಿಸ್ತೀನಿ ಅಂದ. ಮನಸ್ಸು ಓದೋಳು ಬಸ್ ಬೋರ್ಡ್ ಓದಿದ್ಲು. ಚಕ್ರಬಡ್ಡಿ ಮಾತ್ರ ಸುಮ್ನಿರ್ತಾನಾ, 25 ಸಾವಿರ ಟನ್ನಿನ ಮುಷ್ಟಿ ಬೀಸಿದ, ನಾನು ದಾಳ ಹಾಕ್ದೆ, 1 ಬಿತ್ತು. 1 ಬಿದ್ರೆ ಎಂಥೋನ ಏಟಾದ್ರೂ ಗಾಳಿಗೇ. ಮುಂದಿನೆರಡು ಏಟು ಬಿತ್ತು ನಿಜ, ಆದ್ರೆ ಇವ್ರು ಕೂಡಿಟ್ಟ ಪಾಯಿಂಟ್ ಖರ್ಚು ಮಾಡಿ ಮತ್ತೆ ದಾಳ ಹಾಕಿದ್ರು, ಹಂಗೆ ಹಾಕಿದ್ರಲ್ಲಿ 10ಕ್ಕಿಂತ ಮೇಲೆ ಬರ್ಲಿಲ್ಲ ಅಂದ್ರೆ ಅದಕ್ಕೆ ಇನ್ನೂ 10 ಸೇರುತ್ತೆ, ಉಳ್ಕೊಂಡ್ರು.

ನಾಲ್ಕನೇ ರೌಂಡಲ್ಲಿ ತಮ್ಮ ಎಸೆದ ದಾಳ ಟೇಬಲ್ ದಾಟಿ ಫ್ರಿಜ್ಜಿನ ಅಡಿಗೆ ಹೋಯ್ತು. ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕಿಲ್ಲ ಅಂದೆ. ಅಷ್ಟೊತ್ತಿಗೆ ಮಾವ ಟಾರ್ಚ್ ಹಿಡ್ಕೊಂಡು ಮಂಡಿ ನೋವನ್ನೂ ಮರ್ತು ಬೋರಲು ಮಲಗಿದ್ರು. 'ಇಪ್ಪತ್ತು! ನಾನು ಕಣ್ಣಾರೆ ನೋಡಿದೀನಿ, ಬೇಕಾದ್ರೆ ಸೈನ್ ಹಾಕ್ತೀನಿ.' ಕೆಲಸದೋಳು ತಿಂಗಳಿಂದ ಅಲ್ಲಿ ಗುಡಿಸಿಲ್ಲ ಅನ್ನೋದನ್ನೂ ಅವ್ರು ಅದೇ ಉಸಿರಲ್ಲಿ ಘೋಷಿಸಿದ್ರು. ಚಕ್ರಬಡ್ಡಿ ಮೆಜೆಸ್ಟಿಕ್ಕಲ್ಲಿ ಮಕಾಡೆ ಬಿದ್ದ.

ಈಗ ಗೇಮ್‌ಮಾಸ್ಟರ್ ಕುರ್ಚಿಲಿ ಮಾವ ಕೂರ್ತಾರೆ. ಅವ್ರ ಖಳನಾಯಕನ ಹೆಸರು ಟಿಡಿಎಸ್. ಹೀರೋಗಳಿಗೆ ಬರೋ ಪಾಯಿಂಟಲ್ಲಿ ಮೂಲದಲ್ಲೇ ಮುರ್ಕೊಂಡು ಆ ಬಲದಲ್ಲೇ ಬೆಳೀತಾನೆ, ಒಂದೇಟೂ ಹೊಡೆಯಲ್ಲ, ಹೊಡೆಸ್ಕೊಳ್ಳಲ್ಲ. ಹೋದ್ವಾರ ನನ್ನ ತಮ್ಮ ರೇಗಿ, 'ಅಂಕಲ್, ನನ್ನ ಪಾಯಿಂಟ್ ನಂಗೆ ವಾಪಸ್ ಬೇಕು' ಅಂದ.

'ರಿಟರ್ನ್ ಫೈಲ್ ಮಾಡಪ್ಪ' ಅಂದ್ರು ಮಾವ.