ದೇವರ ಕೋಣೆಯಲ್ಲಿ ವೈನ್ ಬಾಟಲಿ

ಅಮೆರಿಕದಲ್ಲಿ ಮನೆ ಮಾರಬೇಕಾದರೆ, ಆ ಮನೆಯಲ್ಲಿ ಇಷ್ಟು ದಿನ ಯಾರೂ ಬದುಕಿರಲಿಲ್ಲ ಅಂತ ಮೊದಲು ತೋರಿಸಬೇಕು. ಈ ಕಲೆಗೆ ಹೋಮ್ ಸ್ಟೇಜಿಂಗ್ ಅಂತ ಹೆಸರು. ನಿಮ್ಮ ಸೋಫಾ ಗ್ಯಾರೇಜಿಗೆ, ಸ್ಟೇಜಿಂಗ್‌ನವರ ಸೋಫಾ ಹಾಲಿಗೆ. ಗೋಡೆಯಿಂದ ಮದುವೆ ಫೋಟೊ ಇಳಿಯುತ್ತದೆ, ಯಾರಿಗೂ ಅರ್ಥವಾಗದ ಬೂದು ಚಿತ್ರ ಏರುತ್ತದೆ. ಮಂಚದ ಮೇಲೆ ಏಳೆಂಟು ದಿಂಬು. ಕೂತು ನೋಡಿದರೆ ಕೆಳಗಿರುವುದು ಗಾಳಿ ತುಂಬಿದ ಹಾಸಿಗೆ. ಅಡುಗೆ ಕಟ್ಟೆಯ ಮೇಲೆ ಬಟ್ಟಲು ತುಂಬ ನಿಂಬೆಹಣ್ಣು. ಹಿಂಡಲು ಹೋಗಬೇಡಿ, ಪ್ಲಾಸ್ಟಿಕ್ಕು.

ಏಜೆಂಟ್ ಬೇಡ, ನಮ್ಮ ಮನೆ ನಾವೇ ಮಾರುತ್ತೇವೆ ಅನ್ನುವವರನ್ನು ಕಂಡರೆ ಈ ಸ್ಟೇಜಿಂಗ್‌ನವರಿಗೆ ವಿಪರೀತ ಪ್ರೀತಿ. ಕಮಿಷನ್ ಉಳಿಸಿದ್ದಾರೆ, ಅಂದರೆ ಕೈಯಲ್ಲಿ ದುಡ್ಡಿದೆ. ಪಾಪ, ಆ ದುಡ್ಡಿಗೂ ಒಂದು ದಾರಿ ಬೇಡ್ವಾ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕಡೆಯ ದಂಪತಿಯೊಬ್ಬರನ್ನು ಕಲ್ಪಿಸಿಕೊಳ್ಳಿ. 15 ಲಕ್ಷ ಡಾಲರ್‌ನ ಮನೆ. ಶೇಕಡಾ 5ರಂತೆ ಕಮಿಷನ್ ಅಂದರೆ 75 ಸಾವಿರ ಡಾಲರ್. ಕೊಳ್ಳುವವರ ಏಜೆಂಟಿಗೂ ಮಾರುವವರೇ ಕೊಡುವುದು ಅಲ್ಲಿನ ಹಳೆಯ ರೂಢಿ. ಇದರ ಮೇಲೆ ಕೇಸು ಬಿದ್ದು, ರಿಯಲ್ಟರುಗಳ, ಅಂದರೆ ಮನೆ ಮಾರಿಸುವ ಏಜೆಂಟರ ರಾಷ್ಟ್ರೀಯ ಸಂಘ 2024ರಲ್ಲಿ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಯಜಮಾನರಿಗೆ ಧೈರ್ಯ ಬಂತು. ತಾವೇ ಮಾರುತ್ತೇವೆ ಅಂತ ಹುಲ್ಲಿನ ಮೇಲೆ ಬೋರ್ಡು ನೆಟ್ಟರು. ಸಂಜೆಯಿಂದಲೇ ಸ್ಟೇಜಿಂಗ್‌ನವರ ಫೋನು.

“ನಿಮ್ಮಂಥವರು ಮಾರಿದ ಮನೆಗೆ ಸಿಗೋದು 3.8 ಲಕ್ಷ ಡಾಲರ್, ಏಜೆಂಟ್ ಮಾರಿದರೆ 4.35 ಲಕ್ಷ. ಈ ವ್ಯತ್ಯಾಸ ನಾವು ತುಂಬಿಕೊಡ್ತೀವಿ!” ಇಡೀ ದೇಶದ 2024ರ ಈ ಲೆಕ್ಕ ಎಣಿಸಿದ್ದು ಅದೇ ರಿಯಲ್ಟರುಗಳ ಸಂಘ. ನೆಂಟರಿಗೆ, ಗೆಳೆಯರಿಗೆ ಕೊಟ್ಟ ಮನೆಗಳೂ ಅದರಲ್ಲೇ ಸೇರಿವೆ. ಅದನ್ನು ಫೋನಿನಲ್ಲಿ ಯಾರು ಹೇಳ್ತಾರೆ?

ಬಂದ ತಜ್ಞೆ ಬಾಗಿಲಲ್ಲೇ ಮೂಗೆಳೆದುಕೊಂಡರು. ಹದಿನೈದು ವರ್ಷದ ಇಂಗಿನ ಒಗ್ಗರಣೆ ಗೋಡೆಗೆ ಹತ್ತಿತ್ತು. ಪೇಂಟ್ ಹೊಡೆಸಿ. ಕಾರ್ಪೆಟ್ ಬದಲಿಸಿ. ಮನೆ ಮಾರಾಟ ಆಗುವವರೆಗೆ ಅಡುಗೆ ಮಾಡಬೇಡಿ. ಆಮೇಲೆ, ಜನ ನೋಡಲು ಬರುವ ಹೊತ್ತಿಗೆ ಓವನ್‌ನಲ್ಲಿ ಬಿಸ್ಕತ್ತು ಬೇಯಿಸಿ, ಮನೆಯ ವಾಸನೆ ಬರಬೇಕು!

“ರೀ, ಹಾಗಾದರೆ ಇಷ್ಟು ದಿನ ಬರ್ತಿದ್ದ ವಾಸನೆ ಯಾರದು?” ಅಂದರು ಯಜಮಾನಿ. ಯಜಮಾನರು ಚೆಕ್ ಬರೆಯುತ್ತಿದ್ದರು.

ಬಟ್ಟೆ ಇಡುವ ಕ್ಲಾಸೆಟ್ಟನ್ನು ಇವರು ದೇವರ ಕೋಣೆ ಮಾಡಿಕೊಂಡಿದ್ದರು. ತಜ್ಞೆ ದೇವರನ್ನೆಲ್ಲ ಡಬ್ಬಕ್ಕೆ ತುಂಬಿಸಿ, ಅಲ್ಲೊಂದು ಪುಟ್ಟ ವೈನ್ ಬಾರ್ ಮಾಡಿದರು. ಎರಡು ಗ್ಲಾಸು, ಒಂದು ಖಾಲಿ ಬಾಟಲಿ. ಕುಂಕುಮದ ಕಲೆ ಮುಚ್ಚಲು ಒಂದು ಕನ್ನಡಿ. ಬಾಡಿಗೆ ತಿಂಗಳ ಲೆಕ್ಕದಲ್ಲಿ.

ಇದೂ ದುಬಾರಿ ಅನ್ನಿಸಿದರೆ ಕಂಪ್ಯೂಟರ್ ಸ್ಟೇಜಿಂಗ್ ಇದೆ. ಖಾಲಿ ಕೋಣೆಯ ಫೋಟೊದಲ್ಲಿ ಸೋಫಾ ತಾನಾಗೇ ಮೂಡುತ್ತದೆ. ಹೀಗೆ ತಿದ್ದಿದ ಫೋಟೊ ಹಾಕಿದರೆ ಏಜೆಂಟರು ಅದನ್ನು ಹೇಳಲೇಬೇಕು ಅಂತ 2026ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಬಂದಿದೆ. ಸುಳ್ಳು ಸೋಫಾಕ್ಕೆ ಅಷ್ಟಾದರೂ ಕಾನೂನಿದೆ. ಸುಳ್ಳು ನಿಂಬೆಹಣ್ಣನ್ನು ಯಾರೂ ಕೇಳುವುದಿಲ್ಲ.

ಕೊನೆಗೆ ಗಿರಾಕಿ ಬಂದರು. ಹೈದರಾಬಾದಿನವರು, ಜೊತೆಗೆ ಅವರ ತಾಯಿ. ಆಯಮ್ಮ ದಿಂಬು ನೋಡಲಿಲ್ಲ, ಚಿತ್ರವನ್ನೂ ನೋಡಲಿಲ್ಲ. ಸೀದಾ ಒಳಗೆ ಬಂದು ಕೇಳಿದ್ದು ಎರಡೇ ಮಾತು: ಬಾಗಿಲು ಪೂರ್ವಕ್ಕಿದೆಯಾ? ದೇವರ ಕೋಣೆ ಎಲ್ಲಿ?

ಯಜಮಾನರು ತಜ್ಞೆಯ ಮುಖ ನೋಡಿದರು. ತಜ್ಞೆ ವೈನ್ ಬಾಟಲಿಯ ಕಡೆ ನೋಡಿದರು.

ಮರುದಿನವೇ ತಜ್ಞೆಯಿಂದ ಹೊಸ ಪ್ಯಾಕೇಜು ಬಂತು: ‘ಪೂಜಾ ರೂಮ್ ಸ್ಟೇಜಿಂಗ್’. ಗಣೇಶ, ಲಕ್ಷ್ಮಿ, ಎರಡು ದೀಪ, ತಿಂಗಳ ಬಾಡಿಗೆಗೆ. ವೆಂಕಟೇಶ್ವರ ಬೇಕಾದರೆ ಪ್ರೀಮಿಯಂ. ನಿಮ್ಮ ಸ್ವಂತ ದೇವರನ್ನು ದಯವಿಟ್ಟು ಗ್ಯಾರೇಜಿನಲ್ಲೇ ಇಟ್ಟಿರಿ, ಕಲರ್ ಮ್ಯಾಚ್ ಆಗುವುದಿಲ್ಲ.