ಒಂದಡಿ ಆಳ ಸಾಕಾಗುವುದಿಲ್ಲ

ತೋಟದ ಶೆಡ್ಡಿಗೆ ಕರೆಂಟ್ ಒಯ್ಯಲು ಸಾಮಾನ್ಯ ವೈರನ್ನೇ ಪಿವಿಸಿ ಪೈಪಿನಲ್ಲಿ ಹಾಕಿ ಒಂದಡಿ ಆಳದಲ್ಲಿ ಹೂತರೆ ಸಾಕು ಎಂದು ಬರೆದಿದ್ದೀರಿ. ಶಿರಸಿ ಕಡೆ ಇದು ನಡೆಯುವುದಿಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ಹೂಳು ತೆಗೆಯುವಾಗ ಗುದ್ದಲಿ ಅಷ್ಟು ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಮಳೆಗಾಲದಲ್ಲಿ ಪೈಪಿನ ಜಾಯಿಂಟಿನಿಂದ ನೀರೂ ಒಳಗೆ ಹೋಗುತ್ತದೆ. ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ಲನ್ನೇ ಎರಡೂವರೆ ಅಡಿ ಆಳದಲ್ಲಿ ಮರಳು ಹಾಸಿ ಹಾಕಿ, ಮೇಲೆ ಇಟ್ಟಿಗೆ ಇಡಿ. ಖರ್ಚು ಜಾಸ್ತಿ, ನಿಜ. ಆದರೆ ಅಲ್ಲಿ ಒದ್ದೆ ಕಾಲಲ್ಲಿ ಕೆಲಸ ಮಾಡುವವರು ನಮ್ಮ ಮನೆಯವರು, ಆಳುಗಳು ಅಲ್ವಾ? ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಕರೆಂಟ್ ಕಡಿಯುವ ಎಂಸಿಬಿ ಇದೆ ಎಂದು ಸುಮ್ನೆ ಕೂರಬೇಡಿ, ಕರೆಂಟಿನ ಸಣ್ಣ ಲೀಕೇಜಿಗೆ ಅದು ಬೀಳುವುದೇ ಇಲ್ಲ, ಅಂಥ ಲೀಕೇಜಿಗೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಶೆಡ್ಡಿನ ಹತ್ತಿರ ಗುಂಡಿ ತೋಡಿ ಅರ್ಥಿಂಗ್ (ಲೀಕಾದ ಕರೆಂಟ್ ನೆಲಕ್ಕೆ ಇಳಿಯುವ ದಾರಿ) ಮಾಡಿಸಿದ್ದರೆ ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ, ಚಿರೇಕಲ್ಲಿನ ನೆಲ ಒಣಗಿದರೆ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ.