ಗುಮ್ಮಟದೂರಿನ ಪರದೇಶಿ ಗಿಡಗಳು

ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹ ಗುಲ್‌ಮೊಹರ್ ಹೂವನ್ನು ನೋಡಿಯೇ ಇರಲಿಲ್ಲ. ಅವನು ತೀರಿಕೊಂಡದ್ದು 1656ರಲ್ಲಿ. ಮಡಗಾಸ್ಕರ್ ದ್ವೀಪದ ಆ ಮರ ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಆದರೆ ಮೇ ತಿಂಗಳಲ್ಲಿ ವಿಜಯಪುರದ ರಸ್ತೆಯಲ್ಲಿ ಅದು ಕೆಂಪಗೆ ಅರಳಿ ನಿಂತಾಗ, ಸುಲ್ತಾನರಿಗೆ ನೆರಳು ಕೊಟ್ಟ ಗಿಡವೇ ಇದು ಅನ್ನೋ ಗತ್ತು ಇರುತ್ತದೆ.

ಹೈದರ್ ಅಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್‌ನಲ್ಲಾದರೆ ಇಂಥ ಮರಕ್ಕೆ ಫಲಕ ಇರುತ್ತದೆ. ಹೆಸರು, ಕುಲ, ತವರು ಎಲ್ಲ ಬರೆದಿರುತ್ತಾರೆ, ಥೇಟ್ ಲಗ್ನಪತ್ರಿಕೆ. ನಮ್ಮಲ್ಲಿ ಪರದೇಶಿ ಗಿಡಗಳು ಊರ ತುಂಬ ಚೆಲ್ಲಾಪಿಲ್ಲಿ. ಸಂಜೆಗೆ ಎಲೆ ಮಡಚಿ ಮಲಗುವ ಮಳೆಮರ ಅಮೆರಿಕ ಖಂಡದ್ದು. ಗುಡಿ, ದರ್ಗಾಗಳ ಅಂಗಳದ ದೇವಕಣಗಿಲೆಯೂ ಆ ಕಡೆಯದೇ. ದೇವರೇನೂ ಪಾಸ್‌ಪೋರ್ಟ್ ಕೇಳಿದಂತಿಲ್ಲ.

ಇವರಲ್ಲಿ ನನಗೆ ಜಾಸ್ತಿ ಇಷ್ಟ ಬಾವೋಬಾಬ್. ನಮ್ಮಲ್ಲಿ ಕೆಲವರು ದೊಡ್ಡಹುಣಸೆ ಅಂತಾರೆ. ಆಫ್ರಿಕಾದ ಗಿಡ. ನೀರು ಕುಡಿದು ಕಾಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ, ಬರದ ಜಿಲ್ಲೆಗೆ ತಕ್ಕ ಜಾಣತನ. ಹೂವು ಅರಳುವುದು ರಾತ್ರಿ. ಪರಾಗ ಸಾಗಿಸುವ ಕೆಲಸ ಬಾವಲಿಗಳದ್ದು. ವಯಸ್ಸಾದಂತೆ ಕಾಂಡ ಟೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವುದು ಕಷ್ಟ. ಊರ ಮಂದಿ ಮಾತ್ರ ಧಾರಾಳ, ಕೇಳಿದವರಿಗೆಲ್ಲ ಸಾವಿರ ವರ್ಷ ಅಂದುಬಿಡುತ್ತಾರೆ. ಅಂದಹಾಗೆ, ಆಫ್ರಿಕಾದಿಂದ ಬಂದದ್ದು ಬರೀ ಗಿಡವಲ್ಲ. ಮುಹಮ್ಮದ್ ಆದಿಲ್ ಶಾಹನ ಆಡಳಿತ ನಡೆಸಿದ ಇಖ್ಲಾಸ್ ಖಾನನೂ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ದರ್ಬಾರಿನ ಕಲಾವಿದರು ಬರೆದ ಅವನ ಚಿತ್ರಗಳು ಇನ್ನೂ ಉಳಿದಿವೆ.

ಒಂದು ರವಿವಾರ ಗುಮ್ಮಟ ನೋಡಿಕೊಂಡು ಬಂದ ಹಳ್ಳಿಯ ಕುಟುಂಬವೊಂದು ಇಂಥದೇ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿತ್ತು. ಸಣ್ಣ ಹುಡುಗ ಕಾಂಡಕ್ಕೆ ಕೈ ಹಚ್ಚಿ ಕೇಳಿದ: "ಮುತ್ಯಾ, ಇದು ಗಿಡಾನೋ ಗ್ವಾಡಿನೋ?"

"ಗಿಡಾನ ಐತೋ. ಆದ್ರ ಹೊರಗಿಂದು, ನಮ್ಮದಲ್ಲ" ಅಂದ ಮುತ್ಯಾ, ರೊಟ್ಟಿ ಮುರಿಯುತ್ತ.

ಆ ರೊಟ್ಟಿಯ ಜೋಳವೂ ಆಫ್ರಿಕಾದ್ದೇ, ಅಲ್ವಾ? ಸಾವಿರಾರು ವರ್ಷಗಳ ಹಿಂದೆ ಬಂದು ನಮ್ಮ ಎರಿ ಹೊಲದಲ್ಲಿ ಬೇರು ಬಿಟ್ಟಿತು, ಅಷ್ಟೇ. ಚಟ್ನಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಅದರೊಳಗಿನ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹುಣಸೆಹಣ್ಣು ಮತ್ತೆ ಆಫ್ರಿಕಾ. ಇವೆಲ್ಲ ಸೇರಿದರೆ ನಮ್ಮ ಜವಾರಿ ಊಟ! ಮುತ್ಯಾನಿಗೆ ಹೇಳೋಣ ಅನ್ನಿಸಿತು. ಹಸಿದು ಕೂತವರ ಮುಂದೆ ಭೂಗೋಳ ಯಾಕೆ ಅಂತ ಸುಮ್ನಾದೆ.

ಲೆಕ್ಕ ಹಾಕಿದರೆ ಆ ಬುತ್ತಿಯಲ್ಲಿ ಇಲ್ಲಿಯದು ಅಂತ ಎದೆ ತಟ್ಟಿ ಹೇಳಬಹುದಾದದ್ದು ಬದನೆಕಾಯಿ ಒಂದೇ. ಎಣ್ಣೆಗಾಯಿ ಮಾಡುವಾಗ ಅದರ ಹೊಟ್ಟೆಗೂ ಶೇಂಗಾ, ಖಾರ, ಹುಣಸೆ ತುಂಬಿದ್ದರು.